ಪಂಚನ ತೀರ್ಪೂ ಚಿತ್ರದ ಸಾಕ್ಷಿಯೂ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಮಾತಿನ ಮರ್ಮವನ್ನು ಅಮೇರಿಕದ ಸಂಯುಕ್ತ ಸಂಸ್ಥಾನಗಳ ಕಾಲೇಜು ಫುಟ್‌ಬಾಲ್ ರಂಗವು ಇಪ್ಪತ್ತು ವರುಷಗಳಿಗೂ ಮಿಕ್ಕಿ ಅಭ್ಯಾಸ ಮಾಡುತ್ತ ಬಂದಿರುವದು. ಆದರೆ ಪಾಠವು ಇನ್ನೂ ಪೂರ್ಣವಾದಂತೆ ತೋರುವದಿಲ್ಲ. ಆಟದಂಗಳದಲ್ಲಿ ಪಂಚನು ವಿಧಿಸಿದ ದಂಡವನ್ನು ವಿಡಿಯೊ ಚಿತ್ರವನ್ನು ನೋಡಿ ತಿದ್ದಬಹುದೇ? ತಿದ್ದಬಹುದಾದರೆ ಯಾವ ದಂಡವನ್ನು, ಯಾರು, ಯಾವ ನಿಯಮದಿಂದ ತಿದ್ದತಕ್ಕದ್ದು? ಈ ಪ್ರಶ್ನೆಗಳು ಅಲ್ಲಿ ಪ್ರತಿ ವರುಷವೂ ಏಳುತ್ತಿವೆ. ದೂರದೇಶದ ವಿದ್ಯಾರ್ಥಿಗಳ ಆಟದ ಗೊಡವೆ ನಮಗೇಕೆಂದು ಕೆಲವು ವಾಚಕರು ಕೇಳಬಹುದು. ತಪ್ಪು ಮಾಡಿದ ನ್ಯಾಯಾಧಿಕಾರಿಯನ್ನು ತಿದ್ದುವ ಬಗೆ ಯಾವುದೆಂಬ ಪ್ರಶ್ನೆಯು ಯಾವ ಒಂದು ದೇಶಕ್ಕೂ ಸೇರಿದ್ದಲ್ಲವೆಂಬುದೇ ಅದಕ್ಕೆ ನಮ್ಮ ಉತ್ತರ.

ಈ ಫುಟ್‌ಬಾಲ್ ನಮ್ಮ ಹುಡುಗರು ಕಾಲಿನಿಂದ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುತ್ತ, ಎಸೆಯುತ್ತ, ಎದುರಾಳಿಯನ್ನು ಮೈಯಿಂದ ಅಪ್ಪಳಿಸಿ ಕೆಡಹುತ್ತ, ನೂರು ಗಜದ ಬಯಲಿನಲ್ಲಿ ಪಕ್ಷಕ್ಕೆ ಹನ್ನೊಂದರಂತೆ ಆಡುವ ಆಟವಿದು. ನಾಲ್ಕು ಸರದಿಗಳೊಳಗೆ ಹತ್ತು ಗಜ ಮುಂದೆ ಸಾಗದ ಪಕ್ಷವು ಚೆಂಡನ್ನು ಬಿಟ್ಟುಕೊಡಬೇಕು. ಅಪರಾಧವನ್ನು ಕಂಡ ಪಂಚನು ಹಳದಿ ಅರಿವೆಯೊಂದನ್ನು ನೆಲಕ್ಕೆ ಎಸೆಯುವನು. ತಪ್ಪು ಮಾಡಿದ ಪಕ್ಷವು ಐದೋ ಹತ್ತೋ ಹದಿನೈದೋ ಗಜ ನೆಲವನ್ನು ದಂಡವಾಗಿ ತೆರುವದು. ಈ ಆಟದಲ್ಲಿ ಹದಿನೈದು ಗಜವೆಂಬುದು ಸಣ್ಣ ಮಾತಲ್ಲ. ಎಷ್ಟೋ ಪಂದ್ಯಗಳ ಜಯಾಪಜಯಗಳು ಆ ಒಂದು ಅರಿವೆಯ ತುಣುಕಿನಲ್ಲಿ ಅಡಗಿರುತ್ತವೆ.

ಚಿತ್ರವನ್ನು ನೋಡಿ ತೀರ್ಪನ್ನು ಪರಿಶೀಲಿಸುವ ಕ್ರಮವನ್ನು ಬಿಗ್ ಟೆನ್ ಎಂಬ ಕಾಲೇಜುಗಳ ಒಕ್ಕೂಟವು 2004ರಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿತು. ಮರುವರ್ಷ ಇತರ ಒಕ್ಕೂಟಗಳು ಅದನ್ನು ಅನುಸರಿಸಿದವು. 2006ರಲ್ಲಿ ಅದು ಸ್ಥಿರವಾದ ನಿಯಮವಾಯಿತು. ಅದರ ಮೂಲತತ್ತ್ವವು ಸಾಧುವಾದದ್ದೇ. ಅಂಗಳದ ಪಂಚನ ತೀರ್ಪು ಸರಿಯೆಂದೇ ಮೊದಲು ಭಾವಿಸತಕ್ಕದ್ದು. ನಿರ್ವಿವಾದವಾದ ಸಾಕ್ಷಿಯು ಚಿತ್ರದಲ್ಲಿ ಕಂಡರೆ ಮಾತ್ರ ಅದನ್ನು ತಿರುಗಿಸತಕ್ಕದ್ದು. ಆಟಗಾರನ ಕಾಲು ಗೆರೆಯನ್ನು ತುಳಿಯಿತೇ, ಚೆಂಡು ಕೈಗೆ ಸೇರುವ ಮುನ್ನ ನೆಲವನ್ನು ಮುಟ್ಟಿತೇ, ಮೊಣಕಾಲು ನೆಲಕ್ಕೆ ತಾಕಿತೇ ಎಂಬಂಥ ಸಂಗತಿಗಳಿಗೆ ಈ ಪರಿಶೀಲನೆಯುಂಟು. ಆದರೆ ದಂಡಗಳಲ್ಲಿ ಬಹುಪಾಲು ಅದರ ಹೊರಗೆ ಉಳಿದವು. ಅಂಗಳದಲ್ಲಿ ಹನ್ನೆರಡನೆಯ ಆಟಗಾರನಿದ್ದನೇ ಎಂಬಂಥ ಎಣಿಕೆಯ ತಪ್ಪನ್ನು ನೋಡಬಹುದು. ಎದುರಾಳಿಯನ್ನು ಹಿಡಿದೆಳೆದನೇ, ಚೆಂಡನ್ನು ಹಿಡಿಯಲು ಬಂದವನಿಗೆ ಅನ್ಯಾಯವಾಗಿ ಅಡ್ಡ ಬಂದನೇ ಎಂಬ ವಿವೇಚನೆಯ ತಪ್ಪನ್ನು ನೋಡಕೂಡದು.

ಈ ಕಟ್ಟಳೆಯಿಂದ ಒದಗುವ ಪೇಚು ಎಂಥದೆಂಬುದಕ್ಕೆ 2024ರ ಅಕ್ಟೋಬರ್ 19ರಂದು ಆಸ್ಟಿನ್ ನಗರದಲ್ಲಿ ನಡೆದ ಸಂಗತಿಯೇ ಸಾಕ್ಷಿ. ಜಾರ್ಜಿಯಾ ವಿಶ್ವವಿದ್ಯಾಲಯದ ಆಟಗಾರನೆಸೆದ ಚೆಂಡನ್ನು ಟೆಕ್ಸಾಸ್ ವಿಶ್ವವಿದ್ಯಾಲಯದವನೊಬ್ಬನು ನಡುವೆ ಕಸಿದು ಬಹುದೂರ ಓಡಿದನು. ಅವನು ಅಡ್ಡ ಬಂದನೆಂದು ಪಂಚನು ಅರಿವೆ ಎಸೆದನು. ಕಸಿದ ಚೆಂಡು ವ್ಯರ್ಥವಾಯಿತು. ರೊಚ್ಚಿಗೆದ್ದ ಪ್ರೇಕ್ಷಕರು ಅಂಗಳಕ್ಕೆ ಬಾಟಲಿಗಳನ್ನು ಎಸೆದರು. ಅಂಗಳವನ್ನು ಗುಡಿಸುವವರೆಗೆ ಆಟ ನಿಂತಿತು; ಆ ನಡುವೆ ಪಂಚರು ತಮ್ಮೊಳಗೆ ಆಲೋಚಿಸಿ ದಂಡವನ್ನು ಹಿಂತೆಗೆದುಕೊಂಡರು. ದಂಡವು ಮೊದಲೇ ತಪ್ಪಾಗಿತ್ತೆಂಬುದು ನಿಜವಿರಬಹುದು. ಪಂದ್ಯವನ್ನು ಕೊನೆಗೆ ಜಾರ್ಜಿಯಾ 30-15ರಿಂದ ಗೆದ್ದದ್ದೂ, ಒಕ್ಕೂಟವು ಟೆಕ್ಸಾಸಿಗೆ ಎರಡೂವರೆ ಲಕ್ಷ ಡಾಲರು ದಂಡ ಹಾಕಿದ್ದೂ ನಿಜ. ಆದರೂ ಲಕ್ಷಾಂತರ ಜನರು ಕಂಡದ್ದೇನು? ಚಿತ್ರಕ್ಕೆ ಮುಚ್ಚಿದ್ದ ಬಾಗಿಲು ಬಾಟಲಿಗೆ ತೆರೆಯಿತೆಂಬುದನ್ನು! ಸರಿಯಾದ ತೀರ್ಪಾದರೂ ತಪ್ಪು ದಾರಿಯಿಂದ ಬಂದರೆ ನ್ಯಾಯದ ಮಾನವು ಉಳಿಯುವದಿಲ್ಲ.

ಇನ್ನೊಂದು ಉದಾಹರಣೆ. 2015ರ ಅಕ್ಟೋಬರ್ 31ರಂದು ಡ್ಯೂಕ್ ವಿಶ್ವವಿದ್ಯಾಲಯವು ಆರು ಸೆಕೆಂಡುಗಳು ಉಳಿದಿರುವಾಗ ಮುನ್ನಡೆ ಪಡೆಯಿತು. ಬಳಿಕ ಮಯಾಮಿಯವರು ಚೆಂಡನ್ನು ಕೈಯಿಂದ ಕೈಗೆ ಎಂಟು ಸಲ ದಾಟಿಸಿ ಗೆರೆ ಮುಟ್ಟಿದರು. ಹಿಂದಿನಿಂದ ತಳ್ಳಿದರೆಂದು ಬಿದ್ದಿದ್ದ ಅರಿವೆಯನ್ನು ಪಂಚರು ಮೇಲಕ್ಕೆತ್ತಿಕೊಂಡರು. ಸುಮಾರು ಒಂಬತ್ತು ನಿಮಿಷ ಚಿತ್ರವನ್ನು ತಿರುತಿರುಗಿ ನೋಡಿ ಮಯಾಮಿಗೆ 30-27ರ ಜಯವನ್ನು ಕೊಟ್ಟರು. ಮರುದಿನ ಒಕ್ಕೂಟವೇ ಒಪ್ಪಿಕೊಂಡಿತು: ಓಡುತ್ತಿದ್ದವನ ಮೊಣಕಾಲು ನೆಲಕ್ಕೆ ತಾಕಿತ್ತು, ಚಿತ್ರವನ್ನು ನೋಡಿದವರು ಅದನ್ನು ಕಾಣಲಿಲ್ಲ. ಪಂಚರೆಲ್ಲರನ್ನೂ ಎರಡು ಪಂದ್ಯಗಳಿಗೆ ಅಮಾನತಿನಲ್ಲಿಟ್ಟರು. ಡ್ಯೂಕ್ ಪಕ್ಷಕ್ಕೆ ದೊರೆತದ್ದೇನು? ಏನೂ ಇಲ್ಲ.

ಇಂಥ ಸಂಗತಿಗಳನ್ನು ಮುಂದಿಟ್ಟುಕೊಂಡು, ಎಲ್ಲ ದಂಡಗಳನ್ನೂ ಚಿತ್ರದ ಪರಿಶೀಲನೆಗೆ ಒಪ್ಪಿಸಿಬಿಡಿರೆಂದು ಹೇಳುವವರು ಅನೇಕರಿದ್ದಾರೆ. ನಾವು ಇದನ್ನು ಒಪ್ಪುವದಿಲ್ಲ. ವೃತ್ತಿಪರರ ಫುಟ್‌ಬಾಲ್ ಸಂಘವು ಈ ಪ್ರಯೋಗವನ್ನು ಮಾಡಿ ಕೈಸುಟ್ಟುಕೊಂಡಿದೆ. 2019ರ ಜನವರಿ 20ರಂದು ನ್ಯೂ ಆರ್ಲಿಯನ್ಸಿನಲ್ಲಿ ಎಲ್ಲರ ಕಣ್ಣಿಗೂ ಬಿದ್ದ ಅಡ್ಡಗಾಲೊಂದು ಪಂಚರ ಕಣ್ಣಿಗೆ ಬೀಳದೆ ಹೋದದ್ದರಿಂದ ಸೇಂಟ್ಸ್ ಪಕ್ಷವು ಅಂತಿಮ ಪಂದ್ಯದ ಅವಕಾಶವನ್ನು ಕಳೆದುಕೊಂಡಿತು. ಕೂಗೆದ್ದಿತು, ಅದೇ ವರುಷ ಅಂಥ ಅಪರಾಧಗಳನ್ನು ಚಿತ್ರದಿಂದ ಪರಿಶೀಲಿಸುವ ನಿಯಮವೂ ಬಂದಿತು. ಒಂದು ಋತುವು ಮುಗಿಯುವದರೊಳಗೆ ಆಟಗಾರರಿಗೂ ತರಬೇತುಗಾರರಿಗೂ ಯಾವುದು ಅಪರಾಧ, ಯಾವುದು ಅಲ್ಲವೆಂಬುದೇ ತಿಳಿಯದಂತಾಯಿತು. 2020ರಲ್ಲಿ ಆ ನಿಯಮವನ್ನು ಮುಂದುವರಿಸಲಿಲ್ಲ.

ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಗೆರೆಯನ್ನು ತುಳಿದ ಕಾಲು ಚಿತ್ರದಲ್ಲಿ ನಿಧಾನವಾಗಿ ಓಡಿದರೂ ಗೆರೆಯನ್ನು ತುಳಿದ ಕಾಲೇ. ಆದರೆ ಎರಡು ಮೈಗಳ ತಾಕಲಾಟವು ಹಾಗಲ್ಲ. ಓಟದ ವೇಗದಲ್ಲಿ ಸಹಜವಾಗಿದ್ದ ತಾಕು ನಿಧಾನಗತಿಯ ಚಿತ್ರದಲ್ಲಿ ಘೋರಾಪರಾಧದಂತೆ ಕಾಣುವದು. ಕ್ಯಾಮರಾ ಎಲ್ಲಿ ಎಂಬುದನ್ನು ಬಲ್ಲದು, ಎಷ್ಟು ಎಂಬುದನ್ನು ಅಳೆಯಲಾರದು. ನಮ್ಮ ಕ್ರಿಕೆಟ್ ರಂಗವೂ ಇದೇ ಪಾಠವನ್ನು ಕಲಿತಿದೆ. 2008ರಲ್ಲಿ ಶ್ರೀಲಂಕೆಯಲ್ಲಿ ಪರಿಶೀಲನಾ ಪದ್ಧತಿಯನ್ನು ಮೊದಲ ಬಾರಿಗೆ ಟೆಸ್ಟ್ ಪಂದ್ಯಗಳಲ್ಲಿ ಪ್ರಯೋಗಿಸಿದಾಗ ಭಾರತದ ನಾಯಕರಾಗಿದ್ದವರು ಬೆಂಗಳೂರಿನ ಅನಿಲ್ ಕುಂಬ್ಳೆಯವರು. ಅದೇ ಕುಂಬ್ಳೆಯವರ ಅಧ್ಯಕ್ಷತೆಯ ಅಂತರರಾಷ್ಟ್ರೀಯ ಕ್ರಿಕೆಟ್ ಸಮಿತಿಯು, ಯಂತ್ರವು ಖಚಿತವಾಗಿ ಹೇಳಲಾರದ ಕಡೆ ಅಂಪೈರನ ಮಾತೇ ನಿಲ್ಲತಕ್ಕದ್ದೆಂಬ ನಿಯಮವನ್ನು 2021ರಲ್ಲಿ ಉಳಿಸಿಕೊಂಡಿತು. ಯಂತ್ರವನ್ನು ಒಪ್ಪಿಕೊಳ್ಳುವದು ಬೇರೆ. ಯಂತ್ರಕ್ಕೆ ಶರಣು ಹೋಗುವದು ಬೇರೆ.

ಹಾಗಾದರೆ ದಂಡಗಳನ್ನು ಎಂದಿಗೂ ಪರಿಶೀಲಿಸಬಾರದೇ? ಹಾಗೂ ಅಲ್ಲ. ಎರಡು ಕಡೆ ಪರಿಶೀಲನೆಯು ಇರಲೇಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಒಂದನೆಯದು, ಆಟಗಾರನನ್ನು ಅಂಗಳದಿಂದ ಹೊರಗಟ್ಟುವ ದಂಡ. ಎದುರಾಳಿಯ ತಲೆಗೂ ಕತ್ತಿಗೂ ಗುರಿಯಿಟ್ಟು ಅಪ್ಪಳಿಸುವದಕ್ಕೆ ಅಲ್ಲಿ ಟಾರ್ಗೆಟಿಂಗ್ ಎನ್ನುತ್ತಾರೆ. ತಲೆಗೆ ಬಿದ್ದ ಪೆಟ್ಟುಗಳು ಯೌವನ ಕಳೆದ ಮೇಲೂ ಮಿದುಳನ್ನು ಕಾಡುತ್ತವೆಂಬುದು ಈಗ ಎಲ್ಲರಿಗೂ ತಿಳಿದ ಮಾತು. ಆದ್ದರಿಂದ 2013ರಲ್ಲಿ ಇಂಥ ಅಪರಾಧಿಯನ್ನು ಪಂದ್ಯದಿಂದಲೇ ಹೊರಗೆ ಹಾಕುವ ನಿಯಮವನ್ನು ಮಾಡಿದ್ದು ಯೋಗ್ಯವೇ. ಆದರೆ ಆ ವರುಷದ ನಿಯಮದಲ್ಲಿ ಒಂದು ವಿಚಿತ್ರವಿತ್ತು. ಚಿತ್ರವನ್ನು ನೋಡಿ ಹುಡುಗನು ನಿರಪರಾಧಿಯೆಂದು ಕಂಡರೆ ಅವನು ಆಟಕ್ಕೆ ಮರಳಬಹುದಾಗಿತ್ತು. ಅವನ ಪಕ್ಷವು ತೆತ್ತ ಹದಿನೈದು ಗಜ ಮಾತ್ರ ಮರಳುತ್ತಿರಲಿಲ್ಲ! ಕಳವು ಮಾಡಿಲ್ಲವೆಂದು ಬಿಡುಗಡೆ ಮಾಡಿ, ದಂಡದ ಹಣವನ್ನು ಸರಕಾರವೇ ಇಟ್ಟುಕೊಂಡಂತಾಯಿತು. 2014ರಲ್ಲಿ ಇದನ್ನು ತಿದ್ದಿದರು. 2019ರಲ್ಲಿ ಇನ್ನೂ ಒಳ್ಳೆಯ ತಿದ್ದುಪಡಿ ಬಂದಿತು: ಅಪರಾಧದ ಪ್ರತಿಯೊಂದು ಅಂಶವೂ ಚಿತ್ರದಲ್ಲಿ ದೃಢಪಟ್ಟರೆ ಮಾತ್ರ ಶಿಕ್ಷೆ, ಸಂದೇಹವುಳಿದರೆ ಆಟಗಾರನ ಬಿಡುಗಡೆ. 2022ರಲ್ಲಿ, ಪಂದ್ಯದ ಉತ್ತರಾರ್ಧದಲ್ಲಿ ಹೊರಗೆ ಹಾಕಲ್ಪಟ್ಟವನು ಮುಂದಿನ ಪಂದ್ಯದ ಶಿಕ್ಷೆಯ ವಿಷಯವಾಗಿ ಮೇಲ್ಮನವಿ ಮಾಡಿಕೊಳ್ಳಲು ಎಡೆಯಾಯಿತು. ಪೆಟ್ಟು ತಿಂದ ತರುಣನ ತಲೆಯೂ ಅಮೂಲ್ಯ, ಪೆಟ್ಟು ಹಾಕಿದನೆಂಬ ಅಪವಾದ ಹೊತ್ತ ತರುಣನ ಮಾನವೂ ಅಮೂಲ್ಯ. ಎರಡನ್ನೂ ಕಾಯಬೇಕಾದರೆ ಇಲ್ಲಿ ಎರಡನೆಯ ನೋಟವು ಬೇಕೇ ಬೇಕು.

ಎರಡನೆಯದು, ನಿಯಮವನ್ನೇ ತಪ್ಪಾಗಿ ಅನ್ವಯಿಸಿದ ಸಂದರ್ಭ. 2016ರ ಸೆಪ್ಟೆಂಬರ್ 10ರಂದು ಓಕ್ಲಹೋಮಾ ಸ್ಟೇಟ್ ಪಕ್ಷದವರು ಕೊನೆಯ ಸರದಿಯಲ್ಲಿ ಚೆಂಡನ್ನು ಬೇಕೆಂದೇ ದೂರ ಎಸೆದರು, ವೇಳೆಯೂ ತೀರಿತು. ಅದು ಅಪರಾಧವೇ ಸರಿ; ಆದರೆ ನಿಯಮದಂತೆ ಪಂದ್ಯವು ಅಲ್ಲಿಗೇ ಮುಗಿಯತಕ್ಕದ್ದಾಗಿತ್ತು. ಪಂಚರು ಮುಗಿಸದೆ ಎದುರು ಪಕ್ಷವಾದ ಸೆಂಟ್ರಲ್ ಮಿಷಿಗನ್ನಿಗೆ ಇನ್ನೊಂದು ಆಟವನ್ನು ಕೊಟ್ಟರು. ಅವರು ಅದೇ ಆಟದಲ್ಲಿ 30-27ರಿಂದ ಗೆದ್ದರು. ಇಲ್ಲಿ ವಿವೇಚನೆಯ ಪ್ರಶ್ನೆ ಎಲ್ಲಿತ್ತು? ಪುಸ್ತಕದಲ್ಲಿ ಬರೆದದ್ದನ್ನು ಓದುವ ಪ್ರಶ್ನೆ. ಚಿತ್ರದ ಕೋಣೆಯಲ್ಲಿದ್ದವರೂ ಬಾಯಿ ಬಿಡಲಿಲ್ಲ. ಅವರನ್ನೂ ಅಂಗಳದ ಪಂಚರನ್ನೂ ಎರಡೆರಡು ಪಂದ್ಯ ಅಮಾನತು ಮಾಡಿದ್ದಾಯಿತು. ಫಲಿತಾಂಶ ಮಾತ್ರ ಹಾಗೆಯೇ ಉಳಿಯಿತು. ಇಂಥ ತಪ್ಪನ್ನು ಕಂಡವನು ಯಾರೇ ಆಗಲಿ, ಮುಂದಿನ ಆಟಕ್ಕೆ ಮೊದಲು ಅದನ್ನು ತಡೆಯುವದು ಅವನ ಕರ್ತವ್ಯವಾಗಬೇಕು.

ಇದಿಷ್ಟೂ ನಿಯಮಗಳ ಮಾತಾಯಿತು. ಮೂಲರೋಗವು ಬೇರೆ ಕಡೆಗಿದೆ. ಆಟದ ನಿಯಮಗಳು ದೇಶಕ್ಕೆಲ್ಲ ಒಂದೇ. ಪಂಚರನ್ನು ಆರಿಸಿ, ಸಂಬಳ ಕೊಟ್ಟು, ತಪ್ಪಿದರೆ ಶಿಕ್ಷಿಸುವವುಗಳು ಮಾತ್ರ ಬೇರೆ ಬೇರೆ ಒಕ್ಕೂಟಗಳು. ಆ ಒಕ್ಕೂಟಗಳೋ, ಪಂದ್ಯವಾಡುವ ಕಾಲೇಜುಗಳವೇ. 2006ರ ಸೆಪ್ಟೆಂಬರ್ 16ರಂದು ಆರೆಗನ್ ಪಕ್ಷವು ಓಕ್ಲಹೋಮಾವನ್ನು 34-33ರಿಂದ ಸೋಲಿಸಿತು. ಕೊನೆಯ ಗಳಿಗೆಯಲ್ಲಿ ಓಕ್ಲಹೋಮಾಕ್ಕೆ ಸೇರಬೇಕಾಗಿದ್ದ ಚೆಂಡನ್ನು ಆರೆಗನ್ನಿಗೆ ಕೊಟ್ಟಿದ್ದರು. ಚಿತ್ರವನ್ನು ನೋಡಿಯೂ ತಿದ್ದಲಿಲ್ಲ. ಅಂಗಳದ ಪಂಚರೂ, ಚಿತ್ರವನ್ನು ನೋಡಿದವರೂ ಆರೆಗನ್ ಸೇರಿದ್ದ ಪ್ಯಾಕ್-10 ಒಕ್ಕೂಟದವರೇ. ಅವರು ಪಕ್ಷಪಾತ ಮಾಡಿದರೆಂದು ನಾವು ಹೇಳುತ್ತಿಲ್ಲ. ಒಕ್ಕೂಟವು ತಪ್ಪನ್ನು ಒಪ್ಪಿಕೊಂಡು ಅವರನ್ನು ಅಮಾನತು ಮಾಡಿತು. ಆದರೆ ಒಂದು ಪಕ್ಷದ ಮನೆಯ ಪಂಚರು ಕೊಟ್ಟ ತೀರ್ಪನ್ನು ಅದೇ ಮನೆಯ ಇನ್ನೊಬ್ಬ ಪಂಚನು ಪರಿಶೀಲಿಸಿದರೆ ಎದುರು ಪಕ್ಷದವರು ನಂಬುವದು ಹೇಗೆ?

ಈಗಲಂತೂ ಅಪನಂಬಿಕೆಯ ಬೆಲೆಯು ಬಹಳ ಏರಿದೆ. 2024ರಿಂದ ಹನ್ನೆರಡು ಪಕ್ಷಗಳಿಗೆ ವಿಸ್ತರಿಸಿದ ಅಂತಿಮ ಸ್ಪರ್ಧೆಯ ಪ್ರಸಾರದಿಂದ ಬರುವ ಹಣವು ವರುಷಕ್ಕೆ ನೂರು ಕೋಟಿ ಡಾಲರುಗಳನ್ನು ಮೀರಿದ್ದು. 2018ರಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯದ ತೀರ್ಪಿನಿಂದ ಪಂದ್ಯಗಳ ಮೇಲಿನ ಜೂಜಿಗೆ ಸಂಸ್ಥಾನಗಳು ಬಾಗಿಲು ತೆರೆಯುವಂತಾಯಿತು. 2025ರ ಜನವರಿ 1ರಂದು ಟೆಕ್ಸಾಸ್ ಮತ್ತು ಅರಿಜೋನಾ ಸ್ಟೇಟ್ ಪಕ್ಷಗಳ ನಡುವಣ ಪಂದ್ಯದ ಕೊನೆಯಲ್ಲಿ ತಲೆಗೆ ಪೆಟ್ಟು ಬಿದ್ದಿತೆಂದು ಚಿತ್ರವನ್ನು ನೋಡಿ, ಅಪರಾಧವಿಲ್ಲವೆಂದು ನಿರ್ಣಯಿಸಿದರು. ಟೆಕ್ಸಾಸ್ 39-31ರಿಂದ ಗೆದ್ದಿತು. ಇದು ಹೇಗೆ ಅಪರಾಧವಲ್ಲವೆಂಬ ಪ್ರಶ್ನೆಯು ದೇಶದ ತುಂಬ ಎದ್ದಿತು. ಅರಿಜೋನಾ ಸ್ಟೇಟ್ ಸೇರಿರುವ ಒಕ್ಕೂಟದ ಮುಖ್ಯಾಧಿಕಾರಿಯು ಪಂಚಾಯತಿಕೆಗೆ ದೇಶಕ್ಕೆಲ್ಲ ಒಂದೇ ಮಾನದಂಡವು ಬೇಕೆಂದನು. ಸೋತವರ ಮಾತೆಂದು ಇದನ್ನು ತಳ್ಳಿಹಾಕುವದು ಸುಲಭ; ಆದರೆ ಮಾತು ಸರಿಯಾದದ್ದು.

ವಿಷಾದದ ಸಂಗತಿಯೆಂದರೆ ನಡೆಯು ತಿರುಗುಮುರುಗಾಗಿದೆ. ಮೊದಲು ಪರಿಶೀಲನೆಯ ಬಳಿಕ ತೀರ್ಪು ‘ದೃಢಪಟ್ಟಿತು’ ಎಂದೋ, ಸಾಕ್ಷಿ ಸಾಲದೆ ‘ಹಾಗೆಯೇ ನಿಂತಿತು’ ಎಂದೋ ಸಾರುತ್ತಿದ್ದರು. 2025ರಲ್ಲಿ ಆ ಭೇದವನ್ನು ತೆಗೆದುಹಾಕಿ, ಎರಡಕ್ಕೂ ‘ಎತ್ತಿಹಿಡಿಯಲಾಯಿತು’ ಎಂಬ ಒಂದೇ ಮಾತನ್ನು ತಂದರು. ಸಾಕ್ಷಿಯಿಂದ ಗೆದ್ದ ತೀರ್ಪೂ ಸಂದೇಹದಿಂದ ಉಳಿದ ತೀರ್ಪೂ ಕೇಳುವವನಿಗೆ ಒಂದೇ ಆದವು. ಕಾರಣವನ್ನು ಹೇಳದ ನ್ಯಾಯಾಸನವು ವಿಶ್ವಾಸವನ್ನು ಬೇಡಬಹುದು, ಪಡೆಯಲಾರದು.

ಚಿತ್ರವು ಸತ್ಯವನ್ನು ತೋರಿಸಬಲ್ಲದು. ಅದನ್ನು ಒಪ್ಪುವ ಎದೆಯನ್ನು ಕೊಡಲಾರದು. 1940ರ ನವೆಂಬರ್ 16ರಂದು ಕಾರ್ನೆಲ್ ವಿಶ್ವವಿದ್ಯಾಲಯವು ಡಾರ್ಟ್‌ಮತ್ ಪಕ್ಷವನ್ನು 7-3ರಿಂದ ಸೋಲಿಸಿತು. ಪಂಚನ ಎಣಿಕೆ ತಪ್ಪಿ ನಾಲ್ಕರ ಬದಲು ಐದು ಸರದಿಗಳು ಕಾರ್ನೆಲಿಗೆ ದೊರೆತಿದ್ದವೆಂಬುದು ಆಮೇಲೆ ಫಿಲ್ಮಿನಲ್ಲಿ ಕಂಡಿತು. ಪಂಚನು ತಪ್ಪನ್ನು ಒಪ್ಪಿದನು. ಕಾರ್ನೆಲಿನವರು ತಂತಿ ಕಳಿಸಿ ಜಯವನ್ನು ಬಿಟ್ಟುಕೊಟ್ಟರು. ಪಂದ್ಯವು 3-0 ಎಂದು ಡಾರ್ಟ್‌ಮತ್ ಹೆಸರಿನಲ್ಲಿ ದಾಖಲಾಯಿತು. ಐವತ್ತು ವರುಷಗಳ ಮೇಲೆ, 1990ರ ಅಕ್ಟೋಬರ್ 6ರಂದು ಕೊಲರಾಡೊ ಪಕ್ಷವು ಮಿಸೂರಿಯ ಮೇಲೆ ಇಂಥದೇ ಐದನೆಯ ಸರದಿಯಿಂದ 33-31ರ ಜಯ ಪಡೆಯಿತು. ಚಿತ್ರವನ್ನು ದೇಶವೆಲ್ಲ ನೋಡಿತು. ಜಯವನ್ನು ಯಾರೂ ಬಿಟ್ಟುಕೊಡಲಿಲ್ಲ. ಆ ವರುಷದ ರಾಷ್ಟ್ರೀಯ ಪಟ್ಟದಲ್ಲಿ ಕೊಲರಾಡೊಗೆ ಪಾಲೂ ದೊರೆಯಿತು.

ಎಲ್ಲರೂ ಕಾರ್ನೆಲಿನವರಂತೆ ನಡೆಯುವರೆಂದು ನಂಬಿ ನಿಯಮಗಳನ್ನು ಮಾಡಲಾಗದು. ಆದ್ದರಿಂದ ನಮ್ಮ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುವೆವು. ವಿವೇಚನೆಯ ದಂಡವು ಅಂಗಳದ ಪಂಚನಿಗೇ ಇರಲಿ. ಹೊರಗಟ್ಟುವ ದಂಡಕ್ಕೂ ನಿಯಮದ ತಪ್ಪಿಗೂ ತಪ್ಪದೆ ಪರಿಶೀಲನೆಯಿರಲಿ. ಪರಿಶೀಲಿಸುವ ಪೀಠವು ಯಾವ ಒಕ್ಕೂಟದ ಅನ್ನವನ್ನೂ ಉಣ್ಣದೆ, ದೇಶಕ್ಕೆಲ್ಲ ಒಂದಾಗಿರಲಿ. ತನ್ನ ಕಾರಣಗಳನ್ನು ಬರೆದು ಪ್ರಕಟಿಸಲಿ. ಇಪ್ಪತ್ತರ ತರುಣರು ಮೈಮುರಿದು ಆಡುವ ಆಟದಲ್ಲಿ ಸೋಲು ಗೆಲವುಗಳು ಇದ್ದದ್ದೇ. ತಾವು ಸೋತದ್ದು ಎದುರಾಳಿಗೇ ಹೊರತು ಅನ್ಯಾಯಕ್ಕಲ್ಲವೆಂಬ ನೆಮ್ಮದಿಯನ್ನು ಅವರಿಗೆ ದೊರಕಿಸಿಕೊಡುವದು ಹಿರಿಯರ ಕೆಲಸ.