ಗದ್ದಲವನ್ನು ಬೆಸೆದವರು

ಹೈಸ್ಕೂಲಿನ ವಿಜ್ಞಾನ ಪಠ್ಯ ಶಬ್ದಗಳನ್ನು ಎರಡು ಗುಂಪು ಮಾಡಿ ಕೈತೊಳೆದುಕೊಳ್ಳುತ್ತದೆ. ಕಂಪನ ನಿಯತವಾಗಿದ್ದರೆ ನಾದ, ಅಡ್ಡಾದಿಡ್ಡಿಯಾಗಿದ್ದರೆ ಗದ್ದಲ. ಪಿಟೀಲಿನ ತಂತಿ ಮೊದಲನೆಯ ಗುಂಪಿಗೆ, ಹಿಟ್ಟಿನ ಗಿರಣಿ ಎರಡನೆಯದಕ್ಕೆ. ಪರೀಕ್ಷೆಯ ಎರಡು ಅಂಕಕ್ಕೆ ಇಷ್ಟು ಸಾಕು. ಆದರೆ ಈ ಎರಡರ ನಡುವಿನ ಬೇಲಿಯ ಮೇಲೆಯೇ ಕುಳಿತು ಹಾಡು ಕಟ್ಟಿದ ನಾಲ್ವರ ತಂಡವೊಂದು ಲಂಡನ್ನಿನಲ್ಲಿತ್ತು. ಹೆಸರು ‘ತ್ರಾಬಿಂಗ್ ಗ್ರಿಸಲ್’. 1981ರಲ್ಲಿ ಒಡೆದುಹೋದ ತಂಡ 2004ರಲ್ಲಿ ಮತ್ತೆ ಕೂಡಿತು. 2007ರಲ್ಲಿ ‘ಪಾರ್ಟ್ ಟೂ: ದಿ ಎಂಡ್‌ಲೆಸ್ ನಾಟ್’ ಎಂಬ ಆಲ್ಬಮ್ ಹೊರತಂದಿತು. ಇಂಥ ಮರುಮಿಲನದ ಆಲ್ಬಮ್‌ಗಳು ಸಾಮಾನ್ಯವಾಗಿ ಹಳೆಯ ಹೆಸರನ್ನು ಇನ್ನೊಮ್ಮೆ ಮಾರುವ ಉಪಾಯಗಳು. ಇದು ಹಾಗಾಗಲಿಲ್ಲ. ಏಕೆಂದು ತಿಳಿಯಬೇಕಾದರೆ ಮೊದಲು ಸೋಲ್ಡರಿಂಗ್ ಕಡ್ಡಿಯ ಕಡೆಗೆ ನೋಡಬೇಕು.

ತಂಡದಲ್ಲಿ ಇದ್ದವರು ಜೆನೆಸಿಸ್ ಪಿ-ಆರಿಡ್ಜ್, ಕೋಸಿ ಫ್ಯಾನಿ ಟುಟ್ಟಿ, ಪೀಟರ್ ಕ್ರಿಸ್ಟೋಫರ್‌ಸನ್ ಮತ್ತು ಕ್ರಿಸ್ ಕಾರ್ಟರ್. ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ತಮ್ಮದೇ ಕಂಪನಿಯನ್ನು ಅವರು ಆರಂಭಿಸಿದ್ದು 1976ರಲ್ಲಿ. ಆ ಹೆಸರೇ ಮುಂದೆ ಒಂದು ಸಂಗೀತ ಪ್ರಕಾರದ ಹೆಸರಾಯಿತು. ಅದೇ ವರ್ಷ ಅವರು ನಡೆಸಿದ ಪ್ರದರ್ಶನವೊಂದನ್ನು ಕಂಡು ಬ್ರಿಟಿಷ್ ಸಂಸದರೊಬ್ಬರು ಇವರನ್ನು ನಾಗರಿಕತೆಯ ವಿಧ್ವಂಸಕರೆಂದೇ ಕರೆದರು. ತಂದೆತಾಯಿಗಳು ಗಮನಿಸಬೇಕು: ತಂಡದ ಹಲವು ಹಾಡುಗಳ ವಸ್ತು ಮಕ್ಕಳ ಕಿವಿಗೆ ತಕ್ಕುದಲ್ಲ. ಆದರೆ ಅವರ ಮೇಜಿನ ಮೇಲಿದ್ದ ಸರ್ಕ್ಯೂಟುಗಳಿಗೆ ಆ ದೋಷವಿಲ್ಲ.

ಅವುಗಳನ್ನು ಕಟ್ಟಿದವರು ಕ್ರಿಸ್ ಕಾರ್ಟರ್. ಸಿಂಥಸೈಜರ್ ಎಂದರೆ ಆಗ ಕೈಗೆಟುಕದ ಬೆಲೆ. ಕಾರ್ಟರ್ ಹವ್ಯಾಸಿಗಳ ಪತ್ರಿಕೆಗಳನ್ನು ನೋಡಿ ತಾವೇ ಬೆಸುಗೆ ಹಾಕುತ್ತಿದ್ದರು. 1975ರಲ್ಲಿ ‘ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಎಂಬ ಪತ್ರಿಕೆಯಲ್ಲಿ ರಾಯ್ ಗ್ವಿನ್ ಎಂಬವರು ಗಿಟಾರಿನ ಸದ್ದನ್ನು ಮಾರ್ಪಡಿಸುವ ಒಂದು ಪೆಟ್ಟಿಗೆಯ ನಕ್ಷೆ ಪ್ರಕಟಿಸಿದ್ದರು. ಕಾರ್ಟರ್ ಅದನ್ನು ಕಟ್ಟಿ, ತಮಗೆ ಬೇಕಾದಂತೆ ತಿದ್ದಿ, ಸಹವಾದಕರಿಗೂ ಮಾಡಿಕೊಟ್ಟರು. ‘ಗ್ರಿಸಲೈಜರ್’ ಎಂದು ಅದಕ್ಕೆ ಹೆಸರು ಬಿತ್ತು.

ಪೆಟ್ಟಿಗೆಯ ಕೆಲಸ ಹತ್ತನೆಯ ತರಗತಿಯವರಿಗೂ ಅರ್ಥವಾಗುವಂಥದು. ಒಳಗೆ ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ಹುಟ್ಟಿಸುವ ಆಂದೋಲಕವೊಂದಿದೆ. ಈ ವೋಲ್ಟೇಜು ಗಿಟಾರಿನಿಂದ ಬಂದ ಶಬ್ದದ ಪಾರವನ್ನು, ಅಂದರೆ ಸದ್ದಿನ ಜೋರನ್ನು, ಹಿಡಿದು ಕುಣಿಸುತ್ತದೆ. ಸೆಕೆಂಡಿಗೆ ನಾಲ್ಕೈದು ಸಲ ಕುಣಿಸಿದರೆ ಸದ್ದು ನಡುಗುತ್ತದೆ, ಅಷ್ಟೇ. ಏರಿಳಿತದ ಆಕಾರವನ್ನು ಬದಲಿಸಿ ಗರಗಸದ ಹಲ್ಲಿನಂತೆ ಮಾಡಿದರೆ ಯಂತ್ರ ಕತ್ತರಿಸಿದ ಹಾಗೆ ಕೇಳುತ್ತದೆ.

ಇಂಥ ಸರ್ಕ್ಯೂಟಿನ ಕುಣಿತವನ್ನು ಇನ್ನೂ ಚುರುಕು ಮಾಡಿ, ಸೆಕೆಂಡಿಗೆ 100 ಸಲ ಎಂದಿಟ್ಟುಕೊಳ್ಳಿ. ಒಳಹೋಗುವ ಸ್ವರ 440 ಹರ್ಟ್ಸ್ ಇರಲಿ. ಆಗ ಹೊರಗೆ 440ರ ಜೊತೆಗೆ ಕೂಡಿಸಿದ ಮತ್ತು ಕಳೆದ ಆವೃತ್ತಿಗಳೂ ಬರುತ್ತವೆ: 540 ಮತ್ತು 340. ಮಧ್ಯಮ ತರಂಗದ ರೇಡಿಯೋ ಪ್ರಸಾರದಲ್ಲಿ ನಡೆಯುವುದೂ ಇದೇ ಲೆಕ್ಕ. ತಂತಿಯೊಂದು ನುಡಿದಾಗ 440, 880, 1320 ಹೀಗೆ ಸರಳ ಗುಣಕಗಳು ಬರುತ್ತವೆ, ಕಿವಿ ಅವನ್ನು ಒಂದೇ ಸ್ವರವಾಗಿ ಒಪ್ಪಿಕೊಳ್ಳುತ್ತದೆ. 340, 440, 540ರ ನಡುವೆ ಅಂಥ ಸಲೀಸು ಸಂಬಂಧವಿಲ್ಲ. ಕಿವಿಗೆ ಕೇಳುವುದು ತಗಡು ಬಡಿದ ಸದ್ದು, ಒಡಕು ಗಂಟೆಯ ಸದ್ದು. ಪಠ್ಯಪುಸ್ತಕದ ಬೇಲಿ ಅಲುಗಾಡುವುದು ಇಲ್ಲಿಯೇ. ಒಳಗೆ ಹೋದ ಎರಡೂ ಕಂಪನಗಳು ಶುದ್ಧ ನಿಯತ ಕಂಪನಗಳೇ ಆಗಿದ್ದವಲ್ಲ!

ಕ್ರಿಸ್ಟೋಫರ್‌ಸನ್ನರಿಗಾಗಿ ಕಾರ್ಟರ್ ಮಾಡಿಕೊಟ್ಟದ್ದು ಇನ್ನೊಂದು ವಿಚಿತ್ರ. ಒಂದೇ ಸಪ್ತಕದ ಪುಟ್ಟ ಕೀಲಿಮಣೆ. ಮನೆಗಳನ್ನು ಒತ್ತಿದರೆ ಅದಕ್ಕೆ ಜೋಡಿಸಿದ ಕ್ಯಾಸೆಟ್ ಪ್ಲೇಯರುಗಳು ಹಾಡುತ್ತವೆ. ಕ್ಯಾಸೆಟ್ಟಿನಲ್ಲಿ ಬೀದಿಯ ಮಾತೋ ಯಂತ್ರದ ಸದ್ದೋ ಏನು ಬೇಕಾದರೂ ಇರಬಹುದು. ಮುಂದೆ ‘ಸ್ಯಾಂಪ್ಲರ್’ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಬಂದ ಉಪಕರಣದ ಬಡ ಅಣ್ಣ ಇದು.

1977ರಲ್ಲಿ ಬಂದ ಇವರ ಮೊದಲ ಎಲ್‌ಪಿ ತಟ್ಟೆಯ ಪ್ರತಿಗಳು ಕೇವಲ 785. ಮರುವರ್ಷದ ಆಲ್ಬಮ್ಮಿನಲ್ಲಿ ಒಂದು ಚೇಷ್ಟೆ ಇದೆ. ತಮ್ಮದೇ ‘ಯುನೈಟೆಡ್’ ಎಂಬ, ಸುಮಾರು ನಾಲ್ಕು ನಿಮಿಷದ ಹಾಡನ್ನು ಓಡಿಸಿ 16 ಸೆಕೆಂಡಿಗೆ ಇಳಿಸಿಬಿಟ್ಟಿದ್ದಾರೆ. ಲೆಕ್ಕ ಹಾಕಿ: 240 ಸೆಕೆಂಡು 16 ಆಗಬೇಕಾದರೆ ವೇಗ 15 ಪಟ್ಟು, ಆವೃತ್ತಿಯೂ 15 ಪಟ್ಟು. ಆವೃತ್ತಿ ಇಮ್ಮಡಿಯಾದರೆ ಒಂದು ಸಪ್ತಕ ಮೇಲೆ, 16 ಪಟ್ಟಾದರೆ ನಾಲ್ಕು ಸಪ್ತಕ ಮೇಲೆ. ಅಂದರೆ ಹಾಡು ಹೆಚ್ಚುಕಡಿಮೆ ನಾಲ್ಕು ಸಪ್ತಕ ಮೇಲೇರಿ ಇಲಿಮರಿಯ ಕೀಚಲಾಗುತ್ತದೆ. ಶಾಲೆಯಲ್ಲಿ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೆಯ ಕಛೇರಿ. ಬಳಿಕ ಕಾರ್ಯ ಮುಗಿಯಿತೆಂದು ತಿಳಿಸುವ ಅಂಚೆ ಕಾರ್ಡುಗಳನ್ನು ಕಳಿಸಿ ನಾಲ್ವರೂ ಬೇರೆಯಾದರು. ಮತ್ತೆ ಒಂದೇ ವೇದಿಕೆಗೆ ಬಂದದ್ದು 2004ರ ಮೇ 16ರಂದು, ಲಂಡನ್ನಿನ ಆಸ್ಟೋರಿಯಾದಲ್ಲಿ. ಅಷ್ಟರಲ್ಲಿ ಇಪ್ಪತ್ತಮೂರು ವರ್ಷ ಕಳೆದಿತ್ತು. ಮೇಜಿನ ಮೇಲೆ ಈಗ ಲ್ಯಾಪ್‌ಟಾಪ್‌ಗಳು.

ಇಲ್ಲಿಯೇ ಇದ್ದದ್ದು ನಿಜವಾದ ಪರೀಕ್ಷೆ. 1976ರಲ್ಲಿ ಗದ್ದಲ ಮಾಡಲು ಶ್ರಮಪಡಬೇಕಿತ್ತು, ಬೆರಳು ಸುಡಬೇಕಿತ್ತು. 2007ರ ಹೊತ್ತಿಗೆ ಎಂಥ ಗದ್ದಲವೂ ಒಂದು ಗುಂಡಿ ಒತ್ತಿದರೆ ಸಿಗುತ್ತಿತ್ತು, ಅದೂ ಪುಕ್ಕಟೆ. ಇವರನ್ನು ಅನುಕರಿಸಿದವರು ಆ ವೇಳೆಗೆ ಇವರಿಗಿಂತ ಜೋರಾಗಿ ಕಿರುಚುವುದನ್ನು ಕಲಿತಿದ್ದರು. ತಂಡ ಅವರೊಡನೆ ಪೈಪೋಟಿಗೆ ಇಳಿಯಲಿಲ್ಲ. ಹೊಸ ಆಲ್ಬಮ್ ನಿಧಾನ. ಸದ್ದು ಸದ್ದಿನ ನಡುವೆ ಜಾಗ ಬಿಡುತ್ತದೆ. ‘ಆಲ್‌ಮೋಸ್ಟ್ ಎ ಕಿಸ್’ ಎಂಬುದಂತೂ ಬಹುಪಾಲು ವಿಷಾದಗೀತೆ. ‘ರ್‍ಯಾಬಿಟ್ ಸ್ನೇರ್’ನಲ್ಲಿ ಜಾಝ್‌ನ ನೆರಳಿದೆ. ಕೆಲವು ಕಡೆ ಎಳೆದಂತಿರುವುದೂ ನಿಜ, ಹಾಡಿಕೆ ಬಳಲಿದಂತೆ ಕೇಳುವುದೂ ನಿಜ. ಆದರೂ ಪ್ರತಿ ಸದ್ದನ್ನೂ ಆರಿಸಿ ಇಟ್ಟಿದ್ದಾರೆ ಎಂಬುದು ಕೇಳಿದವರಿಗೆ ತಿಳಿಯುತ್ತದೆ. ಒಂದೊಂದು ಸದ್ದಿಗೂ ಕೈಯಾರೆ ತಂತಿ ಬೆಸೆದವರ ಮಿತವ್ಯಯ ಅದು, ಕಂಪ್ಯೂಟರು ಬಂದರೂ ಬಿಟ್ಟುಹೋಗಿರಲಿಲ್ಲ.

2009ರಲ್ಲಿ ತಂಡದ 13 ಸದ್ದಿನ ತುಣುಕುಗಳನ್ನು ತುಂಬಿದ ‘ಗ್ರಿಸಲಿಸಂ’ ಎಂಬ ಅಂಗೈಯಗಲದ ಪೆಟ್ಟಿಗೆಯೂ ಮಾರಾಟಕ್ಕೆ ಬಂತು. ಮರುವರ್ಷ ಎಲ್ಲ ಮುಗಿಯಿತು. 2010ರ ಅಕ್ಟೋಬರಿನಲ್ಲಿ ಪ್ರವಾಸದ ನಡುವೆಯೇ ಪಿ-ಆರಿಡ್ಜ್ ಹೊರನಡೆದರು. ನವೆಂಬರಿನಲ್ಲಿ ಕ್ರಿಸ್ಟೋಫರ್‌ಸನ್ ಬ್ಯಾಂಕಾಕಿನಲ್ಲಿ ತೀರಿಕೊಂಡರು, 55ನೆಯ ವಯಸ್ಸಿನಲ್ಲಿ. ಅವರು ಆರಂಭಿಸಿ ಬಿಟ್ಟುಹೋಗಿದ್ದ ಕೆಲಸವನ್ನು ಕಾರ್ಟರ್ ಮತ್ತು ಕೋಸಿ ಮುಗಿಸಿ 2012ರಲ್ಲಿ ‘ಎಕ್ಸ್-ಟಿಜಿ’ ಎಂಬ ಹೆಸರಿನಲ್ಲಿ ಹೊರತಂದರು. ಪಿ-ಆರಿಡ್ಜ್ ಸಾವು 2020ರಲ್ಲಿ. ನಾಲ್ವರು ಕೂಡಿ ನುಡಿಸುವ ಮಾತು ಇನ್ನಿಲ್ಲ.

ಉಳಿದದ್ದು ಗ್ರಿಸಲೈಜರ್. ಪತ್ರಿಕೆಯ ಆ ನಕ್ಷೆಯನ್ನು ಆಧರಿಸಿದ ಪೆಟ್ಟಿಗೆಗಳನ್ನು ಸಣ್ಣ ಕಂಪನಿಗಳು ಹೊಸದಾಗಿ ತಯಾರಿಸಿ ಮಾರಿವೆ. ಕೊಳ್ಳಲಾರದ ಹುಡುಗರು, ಕಾರ್ಟರ್ ಮಾಡಿದಂತೆಯೇ, ನಕ್ಷೆಯನ್ನು ಮುಂದಿಟ್ಟುಕೊಂಡು ತಾವೇ ಬೆಸುಗೆಗೆ ಕುಳಿತುಕೊಳ್ಳುತ್ತಾರೆ.