ಕಡಲೆಯೂ ಇರಲಿ, ಹಲ್ಲೂ ಇರಲಿ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಈ ಸಲ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ಹುರಿಗಡಲೆಯೂ ಇತ್ತು, ಡಬ್ಬಿ ತುಂಬ ಚಕ್ಕುಲಿಯೂ ಇತ್ತು. ಆದರೆ ತಿನ್ನಬೇಕಾದ ಇಬ್ಬರು ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದೆವು. ಒಬ್ಬ 9 ವರ್ಷದ ನನ್ನ ಮೊಮ್ಮಗ, ಇನ್ನೊಬ್ಬ 69 ವರ್ಷದ ನಾನು.

ಮೊದಲು ಸಿಕ್ಕಿಬಿದ್ದವನು ಅವನು. ಹಿಂದಿನ ಸಂಜೆಯಿಂದಲೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡುತ್ತಿದ್ದ. ನೀರು ಕುಡಿದರೆ ಮುಖ ಕಿವುಚುತ್ತಿದ್ದ. ಅಜ್ಜಿ ಗದರಿಸಿ ಬಾಯಿ ತೆರೆಸಿದಾಗ ನೋಡಿದರೆ, ಮೇಲಿನ ಮುಂದಿನ ಹಲ್ಲು ಓರೆಯಾಗಿ ಅರ್ಧ ಮುರಿದಿದೆ! ಬೇಡವೆಂದರೂ ಪಕ್ಕದ ಮನೆಯ ದೊಡ್ಡ ಸೈಕಲ್ ಹತ್ತಿ ಕಾಂಪೌಂಡಿಗೆ ಗುದ್ದಿದ್ದನಂತೆ. ಬೈಗುಳಕ್ಕೆ ಹೆದರಿ ಹೇಳಿರಲಿಲ್ಲ.

"ಮುರಿದ ಚೂರು ಎಲ್ಲಿ?" ಎಂದೆ. ಜಾಮಿಟ್ರಿ ಬಾಕ್ಸಿನಿಂದ ಕಾಗದದ ಪೊಟ್ಟಣ ತೆಗೆದ. "ನಾಳೆ ಹಂಚಿನ ಮೇಲೆ ಎಸೆಯೋಣ ಅಂತಿದ್ದೆ ತಾತ. ಹೊಸದು ಬರುತ್ತಲ್ಲ?" ಅಂದ.

ತಪ್ಪು ನನ್ನದೇ. ಹಾಲುಹಲ್ಲು ಬಿದ್ದಾಗ ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆ, ಹೊಸ ಹಲ್ಲು ಬರುತ್ತದೆ ಎಂದು ಹೇಳಿಕೊಟ್ಟವನು ನಾನು. ಹಾಲುಹಲ್ಲು 20, ಅವು ಬಿದ್ದರೆ ಬೇರೆ ಬರುತ್ತವೆ. ಆದರೆ 7-8 ವರ್ಷಕ್ಕೆ ಬರುವ ಮೇಲಿನ ಮುಂದಿನ ಹಲ್ಲು ಕೊನೆಯವರೆಗಿನದು. ಅದು ಹೋದರೆ ಮತ್ತೊಂದಿಲ್ಲ ಎಂದು ಹೇಳಲು ಮರೆತಿದ್ದೆ.

ಪೊಟ್ಟಣದ ಸಮೇತ ದಂತವೈದ್ಯೆಯ ಬಳಿಗೆ ಓಡಿದೆವು. ಅವರು ಮೊದಲು ನೋಡಿದ್ದು ಹಲ್ಲನ್ನಲ್ಲ, ಊದಿದ ತುಟಿಯನ್ನು. ಹಲ್ಲಿನ ಚೂರು ಕೆಲವೊಮ್ಮೆ ತುಟಿಯೊಳಗೇ ಹೊಕ್ಕು ಕುಳಿತಿರುತ್ತದಂತೆ. ಆಮೇಲೆ "ಚೂರು ಸಿಕ್ಕಿದೆಯೇ?" ಎಂದು ಕೇಳಿದರು. ಪೊಟ್ಟಣ ಕೊಟ್ಟಾಗ ಅವರ ಮುಖ ಅರಳಿತು. ಒಂದು ದಿನ ಒಣಗಿದ್ದ ಚೂರು ಸುಣ್ಣದಂತೆ ಬೆಳ್ಳಗಾಗಿತ್ತು. ಅದನ್ನು ಸಲೈನ್ ದ್ರವದಲ್ಲಿ ನೆನೆಹಾಕಿ ಎಕ್ಸ್-ರೇ ತೆಗೆದರು.

ಮಕ್ಕಳೇ, ಹಲ್ಲು ಮೂರು ಪದರದ್ದು. ಹೊರಗಿನದು ಎನಾಮಲ್. ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು ಅದು, ಮೂಳೆಗಿಂತಲೂ ಗಟ್ಟಿ. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಮುರಿದ ಕೈ ಕೂಡಿಕೊಳ್ಳುತ್ತದೆ, ಮುರಿದ ಎನಾಮಲ್ ತಾನಾಗಿ ಕೂಡಿಕೊಳ್ಳುವುದಿಲ್ಲ. ಅದರ ಒಳಗೆ ಡೆಂಟಿನ್. ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ಕೊಳವೆಗಳಿವೆ. ತಣ್ಣೀರು ತಾಗಿದರೆ ಜುಂ ಎನ್ನುವುದು ಅವುಗಳಿಂದಲೇ. ನಡುವೆ ರಕ್ತನಾಳ, ನರ ಇರುವ ತಿರುಳು.

ಚಿಕಿತ್ಸೆ ಯಾವುದು ಎನ್ನುವುದು ಮುರಿತ ಯಾವ ಪದರದವರೆಗೆ ಹೋಗಿದೆ ಎನ್ನುವುದರ ಮೇಲಿದೆ. ಎನಾಮಲ್‌ನ ಅಂಚು ಮಾತ್ರ ಚೂರಾಗಿದ್ದರೆ ಉಜ್ಜಿ ನುಣುಪು ಮಾಡಿದರೂ ಸಾಕು. ಡೆಂಟಿನ್ ಕಾಣುತ್ತಿದ್ದರೆ ಚೂರನ್ನೇ ಅಂಟಿಸುತ್ತಾರೆ. ಚೂರು ಸಿಗದಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಎಂಬ ಅಂಟಿನಿಂದ ಆಕಾರ ಕೊಡುತ್ತಾರೆ. ತಿರುಳೇ ಹೊರಗೆ ಕಂಡು ರಕ್ತದ ಚುಕ್ಕೆ ಮೂಡಿದ್ದರೆ ತಡಮಾಡದೆ ಅದಕ್ಕೆ ಔಷಧ ಹಾಕಿ ಮುಚ್ಚಬೇಕು.

"9 ವರ್ಷಕ್ಕೆ ಈ ಹಲ್ಲಿನ ಬೇರು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ತಿರುಳು ಬದುಕಿದ್ದರೆ ಬೇರು ಬಲಿಯುತ್ತದೆ. ಸತ್ತರೆ ಬೇರು ಅಲ್ಲಿಗೇ ನಿಲ್ಲುತ್ತದೆ, ಹಲ್ಲು ಜೀವನವಿಡೀ ದುರ್ಬಲ" ಎಂದರು ವೈದ್ಯೆ. ಮುಚ್ಚಿಟ್ಟ ಆ ಒಂದು ದಿನ ನೆನೆದು ನನ್ನ ಎದೆ ಧಸಕ್ಕೆಂದಿತು. ನಮ್ಮ ಪುಣ್ಯ, ಮುರಿತ ತಿರುಳು ಮುಟ್ಟಿರಲಿಲ್ಲ.

ಮುರಿದ ಜಾಗಕ್ಕೆ ಆಮ್ಲದ ಜೆಲ್ ಹಚ್ಚಿ ತೊಳೆದರು. ಗೋಡೆಗೆ ಗಿಲಾವು ಹಿಡಿಯಲು ಗಾರೆಯವನು ಕಚ್ಚು ಹೊಡೆಯುವುದಿಲ್ಲವೇ, ಹಾಗೆಯೇ ಈ ಆಮ್ಲವೂ ಎನಾಮಲ್ ಅನ್ನು ಸೂಕ್ಷ್ಮವಾಗಿ ತರಿ ಮಾಡುತ್ತದೆ. 1955ರಲ್ಲಿ ಅಮೆರಿಕದ ಮೈಕಲ್ ಬ್ಯೂನೊಕೋರ್ ಎಂಬ ದಂತ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಬಳಿಕ ಅಂಟು ಹಚ್ಚಿ, ಚೂರನ್ನು ಕೂರಿಸಿ, ನೀಲಿ ಬೆಳಕು ಬಿಟ್ಟರು. ಅಂಟು ಕ್ಷಣಗಳಲ್ಲಿ ಗಟ್ಟಿಯಾಯಿತು. ಕನ್ನಡಿ ನೋಡಿದ ಹುಡುಗ ಎರಡು ದಿನದ ನಂತರ ಮೊದಲ ಬಾರಿ ಬಾಯಿ ತುಂಬ ನಕ್ಕ.

ನಕ್ಕವನು ಸುಮ್ಮನಿರಬೇಕಲ್ಲ! "ಡಾಕ್ಟ್ರೇ, ನಮ್ಮ ತಾತನೂ ಒಂದೇ ಕಡೆ ಅಗಿಯುತ್ತಾರೆ" ಎಂದುಬಿಟ್ಟ.

ನಿಜ. ಗೌರಿ ಹಬ್ಬಕ್ಕೂ ಮುಂಚಿನಿಂದ ಎಡಗಡೆಯ ದವಡೆ ಹಲ್ಲು ಕಾಡುತ್ತಿತ್ತು. ಗಟ್ಟಿಯಾದದ್ದನ್ನು ಕಚ್ಚಿ, ಕಚ್ಚು ಬಿಟ್ಟ ಕ್ಷಣಕ್ಕೆ ಮಿಂಚು ಹೊಡೆದಂತೆ ನೋವು, ಮರುಕ್ಷಣ ಮಾಯ. ಲವಂಗ ಇಟ್ಟುಕೊಂಡು ದಿನ ತಳ್ಳಿದ್ದೆ. ಖರ್ಚು ಯಾಕೆ, ಈ ವಯಸ್ಸಿಗೆ ಇನ್ನೇನು ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಮೊಮ್ಮಗನಿಗೆ ಮುಚ್ಚಿಡಬೇಡ ಎಂದು ದಾರಿಯುದ್ದಕ್ಕೂ ಉಪದೇಶ ಮಾಡಿದವನು ನಾನೇ.

ಬಿರುಕು ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲವಂತೆ. ವೈದ್ಯೆ ಒಂದು ಪುಟ್ಟ ಕಡ್ಡಿಯನ್ನು ಹಲ್ಲಿನ ಒಂದೊಂದು ಮೂಲೆಗಿಟ್ಟು ಕಚ್ಚಿಸಿದರು. ಮೂರನೆಯ ಮೂಲೆಯಲ್ಲಿ ಕಚ್ಚು ಬಿಟ್ಟಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಬಿರುಕು ಹಲ್ಲಿನ ಮೇಲ್ಭಾಗದಲ್ಲಷ್ಟೇ ಇದ್ದಿದ್ದರೆ ಒಂದು ಕ್ಯಾಪ್ ಹಾಕಿ ಬಿಗಿದಿಡಬಹುದಿತ್ತು. ತಿರುಳಿಗೆ ಇಳಿದಿದ್ದರೆ ರೂಟ್ ಕೆನಾಲ್ ಮಾಡಿ ಕ್ಯಾಪ್. ನನ್ನದು ವಸಡಿನ ಕೆಳಗೆ ಬೇರಿನವರೆಗೂ ಸೀಳಿತ್ತು. "ತಿಂಗಳುಗಳ ಹಿಂದೆ ಬಂದಿದ್ದರೆ ಉಳಿಸಲು ನೋಡಬಹುದಿತ್ತು" ಎಂದರು. ಕೀಳಲೇಬೇಕಾಯಿತು. ಲವಂಗ ನೋವನ್ನು ಮರೆಸುತ್ತದೆ, ಬಿರುಕನ್ನು ಮುಚ್ಚುವುದಿಲ್ಲ.

ಖಾಲಿ ಜಾಗಕ್ಕೆ ಮೂರು ದಾರಿಗಳು. ತೆಗೆದು ಹಾಕುವ ಹಲ್ಲು ಅಗ್ಗ, ಆದರೆ ರೂಢಿಯಾಗಬೇಕು. ಬ್ರಿಡ್ಜ್ ಗಟ್ಟಿ, ಆದರೆ ಅಕ್ಕಪಕ್ಕದ ಹಲ್ಲುಗಳನ್ನು ತರಿಯಬೇಕು. ಇಂಪ್ಲಾಂಟ್ ಎಂದರೆ ದವಡೆ ಮೂಳೆಗೆ ಟೈಟಾನಿಯಂ ತಿರುಪು ಕೂರಿಸಿ ಅದರ ಮೇಲೆ ಹಲ್ಲು. ಖರ್ಚು ಹೆಚ್ಚು, ತಿಂಗಳುಗಟ್ಟಲೆ ಕಾಯಬೇಕು, ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿರಬೇಕು. ನಾನು ತೆಗೆದು ಹಾಕುವುದನ್ನೇ ಆರಿಸಿದೆ. ಹಣದ ಚಿಂತೆ ಇರುವವರು ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ. ಅಲ್ಲಿ ಸಾಮಾನ್ಯವಾಗಿ ಶುಲ್ಕ ಕಡಿಮೆ.

ಹೊರಡುವ ಮುನ್ನ ವೈದ್ಯೆ ಹೇಳಿದ ಇನ್ನೊಂದು ಮಾತನ್ನು ಎಲ್ಲರೂ ನೆನಪಿಡಿ. ಶಾಶ್ವತ ಹಲ್ಲು ಬೇರು ಸಮೇತ ಇಡಿಯಾಗಿ ಕಿತ್ತುಬಂದರೆ ಎಸೆಯಬೇಡಿ. ಬೇರನ್ನು ಮುಟ್ಟದೆ ಬಿಳಿ ಭಾಗವನ್ನು ಹಿಡಿದೆತ್ತಿ. ಮಣ್ಣಾಗಿದ್ದರೆ ಕೆಲವೇ ಕ್ಷಣ ನೀರಿನಲ್ಲಿ ತೊಳೆಯಿರಿ, ಉಜ್ಜಬೇಡಿ. ಸಾಧ್ಯವಾದರೆ ಅದೇ ಗುಳಿಯಲ್ಲಿ ಕೂರಿಸಿ, ಶುದ್ಧ ಬಟ್ಟೆಯನ್ನು ಮೆಲ್ಲಗೆ ಕಚ್ಚಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿಟ್ಟು ಒಂದು ಗಂಟೆಯೊಳಗೆ ವೈದ್ಯರನ್ನು ಮುಟ್ಟಿ, ಅರ್ಧ ಗಂಟೆಯಾದರೆ ಇನ್ನೂ ಮೇಲು. ನೀರಿನಲ್ಲಿ ನೆನೆಸಿಡಬೇಡಿ, ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಬಿದ್ದದ್ದು ಹಾಲುಹಲ್ಲಾದರೆ ಮಾತ್ರ ಹಿಂದಕ್ಕೆ ಕೂರಿಸಬಾರದು, ಕೆಳಗಿನ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ.

ಎರಡು ತಿಂಗಳಿಗೆ ಮೊಮ್ಮಗನ ಹಲ್ಲನ್ನು ಮತ್ತೆ ಪರೀಕ್ಷಿಸಿದರು. ತಿರುಳು ಜೀವಂತವಾಗಿದೆ. ವರ್ಷ ತುಂಬಿದಾಗ ಇನ್ನೊಮ್ಮೆ ಹೋಗಬೇಕು. ಅಷ್ಟರಲ್ಲಿ ಹಲ್ಲು ಬೂದು ಬಣ್ಣಕ್ಕೆ ತಿರುಗಿದರೆ ಕೂಡಲೇ ತೋರಿಸಬೇಕು. ಆ ಹಲ್ಲಿನಿಂದ ಕಬ್ಬು ಸಿಗಿಯುವಂತಿಲ್ಲ, ಪೆನ್ಸಿಲ್ ಕಚ್ಚುವಂತಿಲ್ಲ.

ಈಗ ಅವನು ಚಕ್ಕುಲಿಯನ್ನು ಕೈಯಲ್ಲಿ ಮುರಿದು ಹಿಂದಿನ ಹಲ್ಲಿನಿಂದ ತಿನ್ನುತ್ತಾನೆ. ನಾನು ಕಾಫಿಯಲ್ಲಿ ಅದ್ದಿ ತಿನ್ನುತ್ತೇನೆ. ಸೈಕಲ್ ವಿಷಯಕ್ಕೆ ಅವನನ್ನು ಯಾರೂ ಬೈಯಲಿಲ್ಲ. ಒಂದು ದಿನ ಮುಚ್ಚಿಟ್ಟ ಅವನನ್ನು, ತಿಂಗಳುಗಟ್ಟಲೆ ಮುಚ್ಚಿಟ್ಟ ನಾನು ಯಾವ ಬಾಯಿಂದ ಬೈಯಲಿ? ಮಕ್ಕಳೇ, ಬಿದ್ದರೆ ಮನೆಯಲ್ಲಿ ಹೇಳಿ, ಮುರಿದ ಚೂರನ್ನು ಹಾಲಿನಲ್ಲಿಟ್ಟು ತನ್ನಿ. ಅಜ್ಜ-ಅಜ್ಜಿಯರೇ, ಮಗು ಬಾಯಿಬಿಟ್ಟು ಹೇಳಿದಾಗ ಮೊದಲು ಹಲ್ಲು ನೋಡಿ, ಬೈಯುವುದಿದ್ದರೆ ಆಮೇಲೆ. ನಿಮ್ಮದೂ ನೋಯುತ್ತಿದ್ದರೆ ಈ ವಾರವೇ ತೋರಿಸಿಕೊಳ್ಳಿ.