ಘನವಾದುದೆಲ್ಲ ಶಾಶ್ವತವೆ?

ಮನೆಯ ಮೂಲೆಯೊಂದರಲ್ಲಿ ಅಂಗೈಯಗಲದ ಗಣಕಯಂತ್ರವನ್ನಿರಿಸಿ, ಮನೆಮಂದಿಯ ಮೆಚ್ಚಿನ ಹಾಡುಗಳನ್ನೆಲ್ಲ ಅದರಲ್ಲಿ ತುಂಬಿ, ಬೇಕಾದ ಕೋಣೆಯಲ್ಲಿ ಬೇಕಾದಾಗ ಕೇಳುವ ಏರ್ಪಾಡಿಗೆ ಸಂಗೀತ ಸರ್ವರ್ ಎಂದು ಹೆಸರು. ಹಿಂದೆ ಇದಕ್ಕೆ ತಿರುಗುವ ಹಾರ್ಡ್ ಡಿಸ್ಕನ್ನು ಜೋಡಿಸುತ್ತಿದ್ದರು. ಈಗ ಬಹುಮಂದಿ ಎಸ್‌ಎಸ್‌ಡಿಯನ್ನು, ಎಂದರೆ ಘನಸ್ಥಿತಿಯ ಸಂಗ್ರಹವನ್ನು, ಜೋಡಿಸುತ್ತಾರೆ. ಅದರಲ್ಲಿ ತಿರುಗುವ, ಚಲಿಸುವ ಭಾಗ ಯಾವುದೂ ಇಲ್ಲ. ಆದುದರಿಂದ ಅದು ಕೆಡದು, ಅದರಲ್ಲಿಟ್ಟುದು ಅಳಿಯದು ಎಂಬ ನಂಬಿಕೆ ಹಬ್ಬಿದೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಅರಿಯದೆ ಹೋದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂತಹ ಬಯಲುಸೀಮೆಯ ತಾಲ್ಲೂಕುಗಳಲ್ಲಿ, ಮತ್ತೆ ದೊರೆಯದ ಸಂಪತ್ತೊಂದನ್ನು ನಾವು ಕಳೆದುಕೊಳ್ಳಬೇಕಾದೀತು.

ಮೊದಲು ಈ ಸಾಧನದ ಕೆಲಸವನ್ನು ತಿಳಿಯೋಣ. ಎಸ್‌ಎಸ್‌ಡಿಯೊಳಗಿನ ಸಿಲಿಕಾನ್ ಬಿಲ್ಲೆಗಳಲ್ಲಿ ಕೋಟ್ಯನುಕೋಟಿ ಸೂಕ್ಷ್ಮ ಕೋಶಗಳಿವೆ. ಒಂದೊಂದು ಕೋಶದಲ್ಲಿಯೂ ನಿರೋಧಕ ಪದರಗಳಿಂದ ಸುತ್ತುವರಿದ ಒಂದು ಎಡೆಯಿದೆ. ಬರೆಯುವಾಗ ಅಧಿಕ ವೋಲ್ಟೇಜನ್ನು ಪ್ರಯೋಗಿಸಿ, ಆ ತೆಳುವಾದ ಪದರದ ಮೂಲಕ ಎಲೆಕ್ಟ್ರಾನುಗಳನ್ನು ಒಳಕ್ಕೆ ತೂರಿಸುತ್ತಾರೆ. ವಿದ್ಯುತ್ತು ನಿಂತರೂ ಅವು ಅಲ್ಲಿಯೇ ಸೆರೆಯಾಗಿರುತ್ತವೆ. ಓದುವಾಗ, ಸೆರೆಯಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದನ್ನು ಅಳೆದು ಅಂಕೆಯನ್ನು ಗುರುತಿಸಲಾಗುತ್ತದೆ. ಇಂತಹ ಸೆರೆಯ ಕಲ್ಪನೆಯನ್ನು 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಝೀ ಮುಂದಿಟ್ಟರು. 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಓಕ ಅದನ್ನು ಫ್ಲ್ಯಾಶ್ ಸ್ಮೃತಿಯಾಗಿ ಬೆಳೆಸಿದರು.

ಈ ಸಾಧನದ ಗುಣಗಳನ್ನು ನಾವು ಅಲ್ಲಗಳೆಯುವುದಿಲ್ಲ. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಅದರ ಓದುಮೊನೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರುಗಳ ಮೇಲೆ ತೇಲುತ್ತಿರುತ್ತದೆ. ಮೇಜಿನಿಂದ ಬಿದ್ದರೆ ಅದರ ಗತಿಯೇನೆಂಬುದನ್ನು ವಾಚಕರು ಊಹಿಸಬಲ್ಲರು. ಎಸ್‌ಎಸ್‌ಡಿಗೆ ಆ ಭಯವಿಲ್ಲ. ಅದು ಸದ್ದು ಮಾಡುವುದಿಲ್ಲ. ಮಂದ್ರಸ್ಥಾಯಿಯ ಆಲಾಪನೆಯನ್ನು ಕೇಳುವ ಕೋಣೆಯಲ್ಲಿ ಇದು ಸಣ್ಣ ಗುಣವಲ್ಲ. ವಿದ್ಯುತ್ತಿನ ಖರ್ಚೂ ಕಡಿಮೆ.

ಆದರೆ ಎಸ್‌ಎಸ್‌ಡಿಯಿಂದ ಹಾಡು ಇನ್ನಷ್ಟು ಇಂಪಾಗಿ ಕೇಳುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಲೆಕ್ಕ ಸರಳವಾಗಿದೆ. ಸಿ.ಡಿ.ಯ ಗುಣಮಟ್ಟದ ಧ್ವನಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳು, ಮಾದರಿಗೆ 16 ಬಿಟ್‌ಗಳು, ಎರಡು ವಾಹಿನಿಗಳು. ಒಟ್ಟು 14,11,200 ಬಿಟ್‌ಗಳು. ಎಂದರೆ ಸೆಕೆಂಡಿಗೆ 0.18 ಮೆಗಾಬೈಟ್‌ಗಿಂತಲೂ ಕಡಿಮೆ. ಸಾಧಾರಣ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಮೆಗಾಬೈಟ್‌ಗಿಂತ ಹೆಚ್ಚನ್ನು ಓದಬಲ್ಲುದು. ಎರಡರಿಂದಲೂ ಹೊರಬರುವ ಅಂಕೆಗಳು ಒಂದೇ ಆಗಿರುವಾಗ ಧ್ವನಿಯೂ ಒಂದೇ. ಒಂದು ಗಂಟೆಯ ಧ್ವನಿಗೆ ಸುಮಾರು 635 ಮೆಗಾಬೈಟ್ ಸಾಕು. ಒಂದು ಟೆರಾಬೈಟಿನಲ್ಲಿ 1,500 ಗಂಟೆಗೂ ಮೀರಿದ ಧ್ವನಿ ಅಡಗುತ್ತದೆ. ಧ್ವನಿಯ ಒಂದಂಶವನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ವಿಧಾನದಲ್ಲಾದರೆ ಇನ್ನೂ ಹೆಚ್ಚು.

ಇನ್ನು ದೋಷದ ಕಡೆಗೆ ತಿರುಗೋಣ. ಎಲೆಕ್ಟ್ರಾನುಗಳ ಸೆರೆಮನೆ ಪೂರ್ಣವಾಗಿ ಭದ್ರವಲ್ಲ. ಮಣ್ಣಿನ ಹರವಿಯಿಂದ ನೀರು ಒಸರುವಂತೆ ಅವೂ ಮೆಲ್ಲಮೆಲ್ಲನೆ ಹೊರಕ್ಕೆ ಜಿನುಗುತ್ತವೆ. ಬರೆದು ಅಳಿಸಿದ ಸಲವೆಲ್ಲ ನಿರೋಧಕ ಪದರ ಸ್ವಲ್ಪ ಸವೆಯುತ್ತದೆ; ಸವೆದಷ್ಟೂ ಒಸರು ಹೆಚ್ಚು. ಬೆಲೆಯನ್ನು ಇಳಿಸುವ ಸಲುವಾಗಿ ಒಂದೇ ಕೋಶದಲ್ಲಿ ಮೂರು ಅಥವಾ ನಾಲ್ಕು ಬಿಟ್‌ಗಳನ್ನು ತುಂಬುವುದು ಈಗಿನ ರೂಢಿ. ಮೂರು ಬಿಟ್‌ಗಳಿಗೆ 8, ನಾಲ್ಕಕ್ಕೆ 16 ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾಗುತ್ತದೆ. ಮಟ್ಟಗಳು ಹತ್ತಿರವಾದಷ್ಟೂ ಅಲ್ಪ ಸೋರಿಕೆಯೂ ಅಂಕೆಯನ್ನು ಕೆಡಿಸಬಲ್ಲುದು.

ಸೋರಿಕೆಯನ್ನು ತ್ವರಿತಗೊಳಿಸುವುದು ಉಷ್ಣ. ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರಹದ ಮಿತಿಯನ್ನು ಮುಟ್ಟಿದ ಮೇಲೆ, ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ ಕಾಲ ಮಾಹಿತಿಯನ್ನು ಉಳಿಸಿಕೊಂಡರೆ ಸಾಕು ಎಂಬುದು ಅರೆವಾಹಕ ಉದ್ಯಮದ ಜೆಡೆಕ್ ಮಾನಕ. ಉಷ್ಣತೆ ಏರಿದಂತೆ ಈ ಅವಧಿ ಬೇಗಬೇಗನೆ ಕುಗ್ಗುತ್ತದೆ. ಹೊಸ ಸಾಧನ ಇದಕ್ಕಿಂತ ಬಹುಕಾಲ ಬಾಳುತ್ತದೆ. ಸಂಗೀತ ಸರ್ವರ್‌ನಲ್ಲಿ ಬರಹ ಕಡಿಮೆ, ಓದು ಹೆಚ್ಚು. ವಿದ್ಯುತ್ತು ಇರುವಾಗ ಒಳಗಿನ ನಿಯಂತ್ರಕವು ದುರ್ಬಲವಾದ ಕೋಶಗಳನ್ನು ಗುರುತಿಸಿ ಮತ್ತೆ ಬರೆಯಲೂಬಲ್ಲುದು. ಹೀಗಾಗಿ ದಿನವೂ ಹಾಡುವ ಸರ್ವರ್‌ಗೆ ಅಪಾಯ ಅಲ್ಪ. ಅಪಾಯವಿರುವುದು, ಹಾಡುಗಳನ್ನು ತುಂಬಿ ಟ್ರಂಕಿನಲ್ಲಿಟ್ಟು ಮರೆತುಬಿಡುವ ಎಸ್‌ಎಸ್‌ಡಿಗೆ ಮತ್ತು ಪೆನ್ ಡ್ರೈವಿಗೆ. ಪಾವಗಡದ ತಿರುಮಣಿಯ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಪಾರ್ಕ್ ತಲೆಯೆತ್ತಿದೆಯಷ್ಟೆ. ಅಷ್ಟು ಬಿಸಿಲು ಸುರಿಯುವ ಸೀಮೆಯಲ್ಲಿ ಶೀಟಿನ ಮಾಡಿನ ಕೆಳಗಿಟ್ಟ ಟ್ರಂಕು ಎಷ್ಟು ಕಾಯುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಚಿತ್ರಗೀತೆ ಅಳಿದರೆ ಇನ್ನೊಂದು ಕಡೆ ದೊರೆತೀತು. ಆದರೆ ಈ ನಾಲ್ಕು ತಾಲ್ಲೂಕುಗಳ ಹಾಡುಗಳೆಲ್ಲ ಅಂತಹವಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಕಥೆಯನ್ನು ಕಾಡುಗೊಲ್ಲರು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಅದಕ್ಕೆ ಜೊತೆಯಾಗುವುದು ಗಣೆಯೆಂಬ ನೀಳವಾದ ಬಿದಿರ ಕೊಳಲು. ಪದಗಳನ್ನು ಪುಸ್ತಕದಲ್ಲಿ ಅಚ್ಚು ಹಾಕಬಹುದು. ಗಣೆಯ ಉಸಿರನ್ನು, ಹಾಡುವವರ ಕಂಠವನ್ನು ಅಚ್ಚು ಹಾಕಲಾಗದು. ಸೋಬಾನೆಯ ಪದ, ಬೀಸುವ ಪದ, ಪಾವಗಡದ ಗಡಿಯ ಹಳ್ಳಿಗಳಲ್ಲಿ ಕನ್ನಡದೊಡನೆ ಬೆರೆತ ತೆಲುಗಿನ ಪದ, ಇವೆಲ್ಲವೂ ಹೀಗೆಯೇ. ಇವುಗಳಲ್ಲಿ ಕೆಲವು ಹಳೆಯ ಕ್ಯಾಸೆಟ್‌ಗಳಲ್ಲಿ, ಕೆಲವು ಯಾರದೋ ದೂರವಾಣಿಯಲ್ಲಿ ಒಂದೊಂದೇ ಪ್ರತಿಯಾಗಿ ಉಳಿದಿರುತ್ತವೆ. ಕ್ಯಾಸೆಟ್ಟಿನ ಕಾಂತಲೇಪನವೂ ಶಾಶ್ವತವಲ್ಲ. ಅದನ್ನು ಎಸ್‌ಎಸ್‌ಡಿಗೆ ಇಳಿಸಿ, ‘ಇನ್ನು ಭಯವಿಲ್ಲ’ ಎಂದು ಕ್ಯಾಸೆಟ್ಟನ್ನು ಎಸೆಯುವವರು ಒಂದು ಅಳಿಯುವ ವಸ್ತುವಿನಿಂದ ಇನ್ನೊಂದು ಅಳಿಯುವ ವಸ್ತುವಿಗೆ ಹಾಡನ್ನು ಸಾಗಿಸಿದ್ದಾರೆ, ಅಷ್ಟೆ.

ಹಾಗಾದರೆ ಉಳಿಸುವ ಬಗೆ ಯಾವುದು? ಈ ಸೀಮೆಯ ಶಾಸನಗಳಿಂದಲೇ ಉತ್ತರವನ್ನು ಪಡೆಯಬಹುದು. ನಿಡುಗಲ್ಲಿನಂತಹ ಬೆಟ್ಟಗಳಲ್ಲಿ ಬಂಡೆಯ ಮೇಲೆ ಬರೆದುದೂ ಮಳೆಗಾಳಿಗೆ ಸವೆಯದೆ ಇರದು. ಆದರೆ ಬಿ. ಎಲ್. ರೈಸ್ ಅವರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಅಚ್ಚು ಮಾಡಿಸಿದ ಮೇಲೆ, ಆ ಅಕ್ಷರಗಳು ಒಂದೇ ಕಲ್ಲನ್ನು ನಂಬಿಕೊಂಡಿಲ್ಲ. ಕಲ್ಲು ಒಡೆದರೂ ಪಾಠ ಉಳಿಯುತ್ತದೆ. ಉಳಿಸಿದುದು ಕಲ್ಲಿನ ಗಟ್ಟಿತನವೊಂದೇ ಅಲ್ಲ, ಪ್ರತಿಗಳ ಸಂಖ್ಯೆಯೂ ಹೌದು.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳೂ ಕಾಲೇಜುಗಳೂ ಈ ಕೆಲಸವನ್ನು ಕೈಗೊಳ್ಳಬೇಕೆಂಬುದು ನಮ್ಮ ಸೂಚನೆ. ಇದಕ್ಕೆ ದೊಡ್ಡ ವೆಚ್ಚ ಬೇಡ. ರಾಸ್ಪ್‌ಬೆರಿ ಪೈನಂತಹ ಸಣ್ಣ ಗಣಕಕ್ಕೆ ಒಂದು ಎಸ್‌ಎಸ್‌ಡಿಯನ್ನು ಜೋಡಿಸಿ, ಶಾಲೆಯಲ್ಲಿ ಹಾಡುಗಳನ್ನು ಕೇಳುವ ಏರ್ಪಾಡು ಮಾಡಲಿ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬರೆಯುವ ನಡುವೆ ವಿದ್ಯುತ್ತು ಹೋದರೆ ಕಡತಗಳು ಕೆಡುವುದುಂಟು. ಆದುದರಿಂದ ಒಂದು ಚಿಕ್ಕ ಯು.ಪಿ.ಎಸ್. ಇರಲಿ. ಎರಡನೆಯ ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ, ಏಕೆಂದರೆ ಎರಡು ಬಗೆಯ ಸಾಧನಗಳು ಒಂದೇ ಕಾರಣದಿಂದ ಒಟ್ಟಿಗೆ ಕೆಡುವುದು ಅಪರೂಪ. ಮೂರನೆಯದು ಬೇರೊಂದು ಊರಿನಲ್ಲಿರಲಿ: ಕೊರಟಗೆರೆಯ ಶಾಲೆಯ ಪ್ರತಿ ಪಾವಗಡದಲ್ಲಿ, ಪಾವಗಡದ್ದು ಶಿರಾದಲ್ಲಿ. ವರ್ಷಕ್ಕೊಮ್ಮೆ ಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡಬೇಕು. ಕಡತದ ಬಿಟ್‌ಗಳಿಂದ ಒಂದು ಪರೀಕ್ಷಾಂಕವನ್ನು ಗಣಿಸಿ ಬರೆದಿಟ್ಟುಕೊಂಡರೆ, ಒಂದೇ ಒಂದು ಬಿಟ್ ಬದಲಾದರೂ ಅದು ಮುಂದಿನ ವರ್ಷ ಬಯಲಾಗುತ್ತದೆ. ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲನು, ಮಾಡಬಲ್ಲಳು. ಹಾಡಿದವರ ಒಪ್ಪಿಗೆಯನ್ನು ಪಡೆದು, ಅವರ ಹೆಸರು, ಊರು, ಹಾಡಿದ ದಿನಗಳನ್ನು ಹಾಡಿನೊಡನೆ ದಾಖಲಿಸುವುದನ್ನು ಮಾತ್ರ ಮರೆಯಲಾಗದು.

‘ಎಲ್ಲವೂ ಅಂತರಜಾಲದಲ್ಲಿರುವಾಗ ಈ ಶ್ರಮವೇಕೆ?’ ಎಂದು ಕೇಳುವವರುಂಟು. ಯಾರೋ ಏರಿಸಿದುದು ಮಾತ್ರ ಅಲ್ಲಿರುತ್ತದೆ. ಅದನ್ನು ನಡೆಸುವವರು ಬಯಸುವವರೆಗೆ ಮಾತ್ರ ಇರುತ್ತದೆ. ಅದನ್ನು ಇನ್ನೊಂದು ಪ್ರತಿಯೆಂದು ಎಣಿಸಬಹುದೇ ಹೊರತು ಏಕೈಕ ಆಶ್ರಯವೆಂದು ನಂಬಲಾಗದು.

ವಿಜ್ಞಾನವು ನಮಗೆ ಶಾಶ್ವತವಾದ ಪೆಟ್ಟಿಗೆಯನ್ನು ಕೊಟ್ಟಿಲ್ಲ. ತಪ್ಪಿಲ್ಲದೆ ಪ್ರತಿಮಾಡುವ, ಪ್ರತಿಯನ್ನು ಪರೀಕ್ಷಿಸುವ ಸಾಮರ್ಥ್ಯವನ್ನು ಕೊಟ್ಟಿದೆ. ಕ್ಯಾಸೆಟ್ಟಿನ ಪ್ರತಿ ಮೂಲಕ್ಕಿಂತ ಮಂಕಾಗಿರುತ್ತಿತ್ತು. ಅಂಕೀಯ ಪ್ರತಿಯಾದರೋ ನೂರನೆಯದೂ ಮೊದಲನೆಯದಕ್ಕೆ ಸಮ. ಈ ಸಾಮರ್ಥ್ಯ ಹಿಂದಿನ ತಲೆಮಾರಿನವರಿಗೆ ಇರಲಿಲ್ಲ. ಜುಂಜಪ್ಪನ ಕಥೆಯನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ವಿದ್ಯಾರ್ಥಿಗಳು ಇದನ್ನು ಬಳಸಿಕೊಳ್ಳಲಿ. ಸಾಧನವನ್ನು ಮುಂದಿನ ವರ್ಷವೂ ಕೊಳ್ಳಬಹುದು. ಹಾಡುವ ಕಂಠ ಮುಂದಿನ ವರ್ಷದವರೆಗೆ ಕಾದಿರುತ್ತದೆಂಬ ಭರವಸೆಯಿಲ್ಲ.